ಗಂಟು ಎಲ್ಲಿ ಬಿತ್ತು?

ಜರ್ಮನಿಯ ಒಂದು ಧಾರಾವಾಹಿಯ ವಿಷಯ ಮಾತನಾಡಲು ಜಾಲಹಳ್ಳಿಯ ಗಡಿಯಾರ ಕಾರ್ಖಾನೆಯ ಹಳೆಯ ಕೆಲಸಗಾರನನ್ನು ಯಾಕೆ ಕರೆದರು ಎಂದು ತಮಗೆ ಆಶ್ಚರ್ಯವಾಗಬಹುದು. ನನಗೂ ಆಯಿತು. ನನಗೆ ಜರ್ಮನ್ ಬಾರದು. ಕಥೆ, ಕಾದಂಬರಿಗಳ ವಿಮರ್ಶೆಯಂತೂ ದೂರದ ಮಾತು. ಆದರೆ ಆ ಕಥೆಯ ನಟ್ಟನಡುವೆ ಒಬ್ಬ ಮುದುಕ ಗಡಿಯಾರದವನು ಕಣ್ಣಿಗೆ ಮಸೂರ ಏರಿಸಿಕೊಂಡು ಕೂತಿದ್ದಾನೆ. ನಾನೂ ಇಪ್ಪತ್ತೈದು ವರ್ಷ ಹಾಗೆಯೇ ಕೂತವನು. ಇಷ್ಟೇ ನನ್ನ ಅರ್ಹತೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಕಥೆಯ ಗುಟ್ಟುಗಳನ್ನು ನಾನು ಮುಚ್ಚಿಡುವುದಿಲ್ಲ. ನೋಡಬೇಕೆಂದುಕೊಂಡು ಇನ್ನೂ ನೋಡದವರು ತಮ್ಮ ಮನೆಯಲ್ಲಿದ್ದರೆ, ಅವರನ್ನು ಈಗಲೇ ಕೊತ್ತಂಬರಿ ಸೊಪ್ಪು ತರಲು ಕಳುಹಿಸಿಬಿಡಿ.

ಮುಂದೇನಾಗುತ್ತದೆ ಎಂದು ಊಹಿಸುವ ಚಟ ನಮಗೆ ಹೊಸದಲ್ಲ. 1990ರ ಸುಮಾರಿಗೆ ದೂರದರ್ಶನದಲ್ಲಿ ಸದಾನಂದ ಸುವರ್ಣರು ನಿರ್ದೇಶಿಸಿದ ‘ಗುಡ್ಡದ ಭೂತ’ ಬರುತ್ತಿದ್ದಾಗ ನಮ್ಮ ಜೋಡಣೆಯ ಸಾಲಿನಲ್ಲಿ ವಾರವೆಲ್ಲ ಅದೇ ಮಾತು. ಭೂತ ನಿಜವಾದದ್ದೋ, ಮನುಷ್ಯ ಕಟ್ಟಿದ್ದೋ? ಒಬ್ಬೊಬ್ಬರದು ಒಂದೊಂದು ಊಹೆ. ಸೋತವನು ಕ್ಯಾಂಟೀನಿನಲ್ಲಿ ಮಸಾಲೆದೋಸೆ ಕೊಡಿಸಬೇಕು. ಧಾರಾವಾಹಿ ಅರ್ಧ ಗಂಟೆ, ಊಹೆಗೆ ಆರು ಮುಕ್ಕಾಲು ದಿನ. ಊಹೆ ಬೆಳೆಯುವುದು ಕಂತಿನಲ್ಲಿ ಅಲ್ಲ, ಕಂತು ಕಂತಿನ ನಡುವಿನ ಬಿಡುವಿನಲ್ಲಿ.

‘ಡಾರ್ಕ್’ ಎಂಬ ಈ ಜರ್ಮನ್ ಧಾರಾವಾಹಿಗೆ ಇದ್ದ ಬಿಡುವಂತೂ ಬಹು ದೊಡ್ಡದು. ಬಾರಾನ್ ಬೋ ಓಡರ್ ಮತ್ತು ಯಾಂಟ್ಯೆ ಫ್ರೀಸ ಎಂಬ ದಂಪತಿಗಳು ನೆಟ್‌ಫ್ಲಿಕ್ಸ್ ಸಂಸ್ಥೆಗಾಗಿ ಇದನ್ನು ರಚಿಸಿದರು. 1 ಡಿಸೆಂಬರ್ 2017ರಂದು ಮೊದಲ ಭಾಗದ ಹತ್ತು ಕಂತುಗಳು ಬಂದುವು. ಎರಡನೆಯ ಭಾಗ ಬರುವಾಗ ಒಂದೂವರೆ ವರ್ಷ ಕಳೆದಿತ್ತು. ಮೂರನೆಯದಕ್ಕೆ ಮತ್ತೊಂದು ವರ್ಷ. ಒಟ್ಟು ಇಪ್ಪತ್ತಾರು ಕಂತು. ಅಷ್ಟು ದಿನ ಕಾಯಿಸಿದರೆ ಜನ ಸುಮ್ಮನಿರುತ್ತಾರೆಯೆ? ನನ್ನ ಮಗಳು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುತ್ತಾಳೆ. ಆಗ ಅವಳ ಮನೆ ಇದ್ದದ್ದು ನಾಗರಭಾವಿಯ ಕಡೆ. ಕಂಪನಿಯ ಬಸ್ಸಿನಲ್ಲಿ ಹೋಗಲು ಒಂದೂವರೆ ಗಂಟೆ, ಬರಲು ಎರಡು ಗಂಟೆ. ಸಿಲ್ಕ್ ಬೋರ್ಡಿನ ದಯೆ ತಪ್ಪಿದ ದಿನ ಅದಕ್ಕೆ ಲೆಕ್ಕವೇ ಇಲ್ಲ. ಆ ಬಸ್ಸಿನಲ್ಲಿ ಹಾಸನದ ಹುಡುಗನೊಬ್ಬನಿಗೆ ಒಂದು ಊಹೆ, ಕಲಬುರಗಿಯ ಹುಡುಗಿಗೆ ಇನ್ನೊಂದು. ಅವರು ಊಹೆ ಎನ್ನುವುದಿಲ್ಲ, ‘ಥಿಯರಿ’ ಎನ್ನುತ್ತಾರೆ. ನನ್ನ ಅಳಿಯ ವೈಟ್‌ಫೀಲ್ಡಿನವನು. ಅಲ್ಲಿಂದ ಬೇರೆಯೇ ಥಿಯರಿಗಳು ಬರುತ್ತಿದ್ದುವು. ಇಬ್ಬರೂ ರಾತ್ರಿ ಊಟಕ್ಕೆ ಕೂತಾಗ ಎರಡು ದೇಶದ ರಾಯಭಾರಿಗಳು ಕೂತಂತೆ.

ಕಥೆ ನಡೆಯುವುದು ವಿಂಡೆನ್ ಎಂಬ ಕಲ್ಪಿತ ಊರಿನಲ್ಲಿ. ಸುತ್ತ ಕಾಡು, ಒಂದು ಅಣುವಿದ್ಯುತ್ ಸ್ಥಾವರ, ಕಾಡಿನಲ್ಲಿ ಒಂದು ಗುಹೆ. ಗುಹೆಯಲ್ಲಿ ಹೊಕ್ಕರೆ ಮೂವತ್ತಮೂರು ವರ್ಷ ಹಿಂದಕ್ಕೋ ಮುಂದಕ್ಕೋ ಹೊರಬರಬಹುದು: 1953, 1986, 2019. 2019ರಲ್ಲಿ ಮಿಕೆಲ್ ಎಂಬ ಹನ್ನೊಂದು ವರ್ಷದ ಹುಡುಗ ಕಾಣೆಯಾಗುತ್ತಾನೆ. ಅವನು ಹೊರಬರುವುದು 1986ರಲ್ಲಿ. ಹಿಂದಿರುಗಲಾರದೆ ಅಲ್ಲಿಯೇ ಬೆಳೆದು, ಹೆಸರು ಬದಲಾಗಿ, ಮದುವೆಯಾಗಿ, ಒಂದು ಮಗುವಿನ ತಂದೆಯಾಗುತ್ತಾನೆ. ಆ ಮಗುವೇ ಕಥಾನಾಯಕ ಯೋನಾಸ್. ಅಂದರೆ, ಊರೆಲ್ಲ ಹುಡುಕುತ್ತಿರುವ ಪುಟ್ಟ ಹುಡುಗ ಯೋನಾಸನ ಅಪ್ಪ! ಯೋನಾಸ್ ಮನಸ್ಸು ಕೊಟ್ಟಿರುವ ಮಾರ್ತಾ ಆ ಹುಡುಗನ ಅಕ್ಕ.

ಇಲ್ಲಿಗೆ ಬರುವಾಗ ಬಸ್ಸಿನ ಉತ್ತರದೇಶದ ಹುಡುಗರು ತಲೆಯ ಮೇಲೆ ಕೈಹೊತ್ತು ಕೂತರಂತೆ. ನನಗೆ ಅರ್ಧ ನಿಮಿಷ ಹಿಡಿಯಲಿಲ್ಲ. ಸೋದರತ್ತೆಯ ಮಗಳಾಗಿದ್ದರೆ ಮುಹೂರ್ತವನ್ನೇ ಇಡಿಸಬಹುದಿತ್ತು. ಸೋದರತ್ತೆಯೇ ಆದರೆ ಹೇಗೆ? ನಮ್ಮ ಅಕ್ಕನನ್ನು ಕೊಟ್ಟದ್ದು ನಮ್ಮ ಸೋದರಮಾವನಿಗೇ. ಅವಳು ನನಗೆ ಅಕ್ಕನೂ ಹೌದು, ಅತ್ತೆಯೂ ಹೌದು; ನಮ್ಮ ಅಮ್ಮನಿಗೆ ಮಗಳೂ ಹೌದು, ತಮ್ಮನ ಹೆಂಡತಿಯೂ ಹೌದು. ಇಂಥ ಮನೆಯಲ್ಲಿ ಬೆಳೆದವನಿಗೆ ವಿಂಡೆನ್ನಿನ ವಂಶವೃಕ್ಷ ಎಷ್ಟರದು! ಆದರೆ ಎರಡನೆಯ ಭಾಗದ ಕೊನೆಗೆ ನಾನೂ ಸೋತೆ. ಅಲ್ಲಿ ಶಾರ್ಲೊಟ್ ಎಂಬ ಹೆಂಗಸಿನ ಮಗಳು ಎಲಿಜಬೆತ್. ಆ ಎಲಿಜಬೆತ್ತೇ ಕಾಲ ದಾಟಿ ಶಾರ್ಲೊಟ್‌ಳನ್ನು ಹೆತ್ತ ತಾಯಿ. ನಮ್ಮ ಭಾಷೆಯಲ್ಲಿ ಎಲ್ಲ ನಂಟಿಗೂ ಒಂದು ಹೆಸರುಂಟು. ಇದಕ್ಕೆ ಸಿಗಲಿಲ್ಲ.

ನಾನು ಇದನ್ನೆಲ್ಲ ನೋಡಿದ್ದು 2020ರಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಊರಿಗೆ ಬೀಗ ಬಿದ್ದಿತ್ತಲ್ಲ, ಮಗಳು, ಅಳಿಯ, ಮೊಮ್ಮಗಳು ನಮ್ಮ ಮನೆಗೇ ಬಂದಿದ್ದರು. ಪೀಣ್ಯದ ಪ್ರೆಸ್ಸುಗಳ ಸದ್ದು ಅಡಗಿಹೋಗಿತ್ತು. ನಲವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ರಾತ್ರಿ ನಮ್ಮ ಬೀದಿಯಲ್ಲಿ ಗೋಡೆ ಗಡಿಯಾರದ ಸದ್ದು ಕೇಳಿತು. ದಿನಕ್ಕೊಂದೇ ಕಂತು ಎಂದು ಮಗಳ ಕಟ್ಟಪ್ಪಣೆ. ಎಲ್ಲವನ್ನೂ ಒಟ್ಟಿಗೆ ನುಂಗಿದರೆ ಊಹೆಗೆ ಎಡೆ ಎಲ್ಲಿ? ಪರದೆಯ ಕೆಳಗೆ ಓಡುವ ಇಂಗ್ಲಿಷನ್ನು ಮೊಮ್ಮಗಳು ನನಗಾಗಿ ಕನ್ನಡದಲ್ಲಿ ಹೇಳುತ್ತಿದ್ದಳು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ತಿರುವಿ ಗೋಡೆಗೆ ಅಂಟಿಸಿ ಅದರ ಮೇಲೆ ನಾಲ್ವರ ಊಹೆಗಳನ್ನೂ ಬರೆಯುತ್ತಿದ್ದಳು. ಊಹೆ ಸುಳ್ಳಾದರೆ ಒಂದು ಅಡ್ಡಗೆರೆ.

ನನ್ನ ಮೊದಲ ಊಹೆಗಳೆಲ್ಲ ಸಂಖ್ಯೆಗಳ ಮೇಲೆ ನಿಂತಿದ್ದುವು. ನಾಚಿಕೆ ಬಿಟ್ಟು ಒಂದೆರಡು ಹೇಳುತ್ತೇನೆ. ನಮ್ಮ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಹುಟ್ಟಿದ್ದು 1953ರಲ್ಲಿ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರ ಮಾಡಲು ಹೊರಟದ್ದು 1961ರಲ್ಲಿ; 2016ರಲ್ಲಿ ಗಡಿಯಾರದ ವಿಭಾಗವನ್ನು ಮುಚ್ಚುವುದೆಂದು ಕೇಂದ್ರ ಸರ್ಕಾರ ತೀರ್ಮಾನಿಸಿತು; 2019ರಲ್ಲಿ ಜಾಲಹಳ್ಳಿಯಲ್ಲಿ ಅದರ ವಸ್ತುಸಂಗ್ರಹಾಲಯ ತೆರೆಯಿತು. 1953 ಇದೆ, 2019 ಇದೆ. ನಡುವಿನ 1986 ಬೇಕು. ನಮ್ಮ ಗಡಿಯಾರಗಳಿಗೆ ಏಟು ಕೊಟ್ಟ ಟೈಟಾನ್ ಕಂಪನಿ ಸ್ಥಾಪನೆಯಾದದ್ದು 1984ರಲ್ಲಿ, ಅದರ ಗಡಿಯಾರ ಅಂಗಡಿಗೆ ಬಂದದ್ದು 1987ರಲ್ಲಿ. “ಎರಡರ ನಡುವೆ ಹಿಡಿದರೆ 1986 ಆಯಿತಲ್ಲ!” ಎಂದೆ. ಮೊಮ್ಮಗಳು, “ತಾತ, ಎರಡರ ನಡುವೆ ಹಿಡಿದರೆ 1985ವರೆ,” ಎಂದು ಅಡ್ಡಗೆರೆ ಎಳೆದಳು. ಕಥೆಗಾರರಿಗೆ 1986 ಬೇಕಾಗಿದ್ದ ಕಾರಣ ಸರಳವಾಗಿಯೇ ತೋರುತ್ತದೆ: ಆ ವರ್ಷದ ಏಪ್ರಿಲ್‌ನಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸಿಡಿದಿತ್ತು, ಜರ್ಮನಿಯ ಮನೆಮನೆಯಲ್ಲೂ ಅದರ ಭಯ ಹೊಕ್ಕಿತ್ತು.

ಇನ್ನೊಂದು ಕೇಳಿ. ನಾವು ಜೋಡಿಸುತ್ತಿದ್ದ ಕೀ ಕೊಡುವ ಗಡಿಯಾರ ಸೆಕೆಂಡಿಗೆ ಐದು ಸಾರಿ ಬಡಿಯುತ್ತದೆ. ದಿನಕ್ಕೆ 86,400 ಸೆಕೆಂಡು. ಐದರಿಂದ ಗುಣಿಸಿ: 4,32,000. ಕಲಿಯುಗದ ಒಟ್ಟು ವರ್ಷಗಳೂ ಪುರಾಣದ ಲೆಕ್ಕದಲ್ಲಿ 4,32,000! ನನಗೆ ಮೈ ಜುಮ್ಮೆಂದಿತು. ಅಳಿಯ ನಗುತ್ತ, “ಮಾವ, ಗಡಿಯಾರ ಸೆಕೆಂಡಿಗೆ ಆರು ಸಾರಿ ಬಡಿದಿದ್ದರೆ?” ಎಂದ. ಹಾಗೂ ಗಡಿಯಾರಗಳುಂಟು. ಆರಾದರೆ ಗಂಟೆಗೆ 21,600 ಬಡಿತ. ಯೋಗಶಾಸ್ತ್ರದವರು ಮನುಷ್ಯ ದಿನಕ್ಕೆ ಬಿಡುವ ಉಸಿರನ್ನು ಎಣಿಸಿರುವುದೂ 21,600. ಐದಾದರೂ ಸಿಗುತ್ತದೆ, ಆರಾದರೂ ಸಿಗುತ್ತದೆ! ಅರವತ್ತರ ಲೆಕ್ಕದಲ್ಲಿ ಕಾಲವನ್ನು ಅಳೆದ ಮೇಲೆ ಅರವತ್ತರ ಮಕ್ಕಳು ಮೊಮ್ಮಕ್ಕಳು ಎಲ್ಲೆಲ್ಲೂ ಓಡಾಡುತ್ತಿರುತ್ತಾರೆ. ಯಾವ ಬೀಗಕ್ಕೂ ಹೊಂದುವ ಕೈ ಯಾವ ಬೀಗದ್ದೂ ಅಲ್ಲ. ಅಂದಿನಿಂದ ಸಂಖ್ಯೆಯ ಊಹೆಗಳನ್ನು ಬಿಟ್ಟೆ.

ಬಿಟ್ಟ ಮೇಲೆ, ನನ್ನ ಕಸುಬಿನ ಎರಡು ನಿಯಮ ನೆನಪಾದುವು. ಹೊಸಬರಿಗೆ ನಮ್ಮ ಮೇಸ್ತ್ರಿ ಹೇಳಿಕೊಡುತ್ತಿದ್ದ ಮಾತು. ತಟ್ಟೆಯಲ್ಲಿ ಇಲ್ಲದ ಚಕ್ರವನ್ನು ಹೊರಗಿನಿಂದ ತಂದು ಹಾಕಬೇಡ. ಮತ್ತೆ, ಮುಚ್ಚಳ ಮುಚ್ಚಿದ ಮೇಲೆ ತಟ್ಟೆಯಲ್ಲಿ ಒಂದು ಸ್ಕ್ರೂ ಉಳಿದಿದ್ದರೆ, ಗಡಿಯಾರ ಓಡುತ್ತಿದ್ದರೂ ಜೋಡಣೆ ತಪ್ಪು. ಊಹೆಗೂ ಇದೇ ತಾನೆ? ಬಸ್ಸಿನ ಹುಡುಗರ ಊಹೆಗಳಲ್ಲಿ ಕೆಲವು ಮೊದಲ ನಿಯಮಕ್ಕೆ ಬಿದ್ದುಹೋದುವು. ‘ಇದೆಲ್ಲ ಯೋನಾಸನ ಕನಸು’ ಎಂದವನಿದ್ದ. ಕನಸು ಎಂಬ ಚಕ್ರವನ್ನು ಹಾಕಿದರೆ ಯಾವ ಗಡಿಯಾರವೂ ಓಡುತ್ತದೆ. ಅದರ ಗಂಟೆಯನ್ನು ಮಾತ್ರ ಯಾರೂ ನಂಬುವಂತಿಲ್ಲ.

ಎರಡು ನಿಯಮವನ್ನೂ ಪಾಲಿಸಿ ತಪ್ಪಿದ ಊಹೆಯೊಂದಿತ್ತು. ಅದು ನನಗೆ ಬಹಳ ಇಷ್ಟ. ನೋವಾ ಎಂಬ ಕರಿಯಂಗಿಯ ಪಾದ್ರಿಯೊಬ್ಬ ಮಕ್ಕಳನ್ನು ಒಯ್ಯುತ್ತಾನೆ. ಅವನ ಹಿನ್ನೆಲೆ ತಿಳಿಯದು. ಮೊದಲ ಭಾಗದ ಕೊನೆಯ ಹೊತ್ತಿಗೆ ಯೋನಾಸನ ಗೆಳೆಯ ಬಾರ್ಟೋಶ್‌ನನ್ನು ನೋವಾ ತನ್ನ ಕಡೆಗೆ ಒಲಿಸಿಕೊಳ್ಳುತ್ತಾನೆ. ಆ ಒಂದೂವರೆ ವರ್ಷದಲ್ಲಿ ದೇಶದೇಶದ ನೋಡುಗರು ಹೇಳಿದರು: ನೋವಾ ಎಂದರೆ ವಯಸ್ಸಾದ ಬಾರ್ಟೋಶ್! ಇಬ್ಬರಲ್ಲೂ ಹೋಲಿಕೆ ಕಂಡರು, ಮಾತಿನ ಧಾಟಿ ಹೋಲಿಸಿದರು. ನಮ್ಮ ಅಳಿಯ ಇದರ ಮೇಲೆ ಸಹೋದ್ಯೋಗಿಯೊಬ್ಬನೊಡನೆ ಬಿರಿಯಾನಿಯ ಪಂಥ ಕಟ್ಟಿದ್ದ. ಎರಡನೆಯ ಭಾಗ ತೆರೆಯುವುದು 1921ರಲ್ಲಿ: ಎಳೆಯ ನೋವಾ, ಜತೆಯಲ್ಲಿ ಸುರಂಗ ಅಗೆಯುತ್ತಿದ್ದ ಒಬ್ಬ ದೊಡ್ಡ ಮನುಷ್ಯನನ್ನು ಹೊಡೆದು ಕೊಲ್ಲುತ್ತಾನೆ. ಸತ್ತವನು ಯಾರೆಂದು ಮೂರನೆಯ ಭಾಗದವರೆಗೆ ಹೇಳುವುದಿಲ್ಲ. ಅವನೇ ಬಾರ್ಟೋಶ್, ನೋವಾ ಅವನ ಮಗ. ಹೋಲಿಕೆ ಕಂಡದ್ದು ಸುಳ್ಳಲ್ಲ, ನೋಡಿ. ಅಪ್ಪ ಮಗನ ಹೋಲಿಕೆಯನ್ನು ಒಬ್ಬನೇ ಮನುಷ್ಯ ಎಂದು ತಿಳಿದರು, ಅಷ್ಟೆ. ಬಿರಿಯಾನಿಯನ್ನು ಅಳಿಯನೇ ಕೊಡಿಸಬೇಕಾಯಿತು. ಅರ್ಧ ತಟ್ಟೆ ಸಾಕು ಎಂದು ನಾನು ತೀರ್ಪು ಕೊಟ್ಟಿದ್ದೆ.

ಗಡಿಯಾರದವನ ಮಾತಿಗೆ ಬರುತ್ತೇನೆ. ಟಾನ್‌ಹೌಸ್ ಎಂದು ಅವನ ಹೆಸರು. ಅವನ ಅಂಗಡಿಗೆ 1953ರಲ್ಲಿ ಒಬ್ಬಳು ಬಂದು ಕಾಲಯಂತ್ರದ ನಕ್ಷೆಯನ್ನು ಕೊಡುತ್ತಾಳೆ. ಅವನು ವರ್ಷಗಟ್ಟಲೆ ಅದನ್ನು ಕಟ್ಟುತ್ತಾನೆ. 1986ರಲ್ಲಿ ಇನ್ನೊಬ್ಬ ಬಂದು ಅದೇ ಯಂತ್ರವನ್ನು, ಹಳೆಯದಾಗಿ ಕೆಟ್ಟದ್ದನ್ನು, ರಿಪೇರಿಗೆ ಕೊಡುತ್ತಾನೆ. ಹಳೆಯದನ್ನು ನೋಡಿ ಹೊಸದನ್ನು ಪೂರೈಸಿದ. ಹೊಸದು ಹಳತಾಗಿ ಮತ್ತೆ ಅವನ ಮೇಜಿಗೆ ಬಂತು. ಹಾಗಾದರೆ ಮೊದಲು ಅದನ್ನು ಯೋಚಿಸಿ ಮಾಡಿದವರು ಯಾರು? ಯಾರೂ ಇಲ್ಲ! ನಮ್ಮ ಪಂಡಿತರು ಇದನ್ನು ಬೀಜವೃಕ್ಷ ನ್ಯಾಯ ಎನ್ನುತ್ತಾರೆ. ಶಾಸ್ತ್ರಕ್ಕೆ ಅದು ಒಪ್ಪಬಹುದು. ಮೇಜಿನ ಮುಂದೆ ಕೂತವನಿಗೆ ಒಪ್ಪದು. ಪ್ರತಿ ಚಕ್ರದ ಹಿಂದೆ ಯಾರೋ ಒಬ್ಬರ ಬೆರಳು ಇರಲೇಬೇಕು.

ಕಾಲದಲ್ಲಿ ಮುಂದಕ್ಕೆ ಹೋಗುವುದು ನಮಗೆ ವಿಚಿತ್ರವಲ್ಲ. ರೈವತ ಕಕುದ್ಮಿ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಸಂಗೀತ ಮುಗಿಯುವವರೆಗೆ ಕಾದು ಕೇಳಿದರೆ, ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗ ಕಳೆದುಹೋಗಿತ್ತು ಎಂದು ಭಾಗವತ ಹೇಳುತ್ತದೆ. ಇಂದಿನ ವಿಜ್ಞಾನವೂ ಇದನ್ನು ಅಲ್ಪಸ್ವಲ್ಪ ಒಪ್ಪುತ್ತದೆ: ದಾರಿ ತೋರಿಸುವ ಜಿ.ಪಿ.ಎಸ್. ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೆ ಓಡುತ್ತದೆ, ಅದನ್ನು ತಿದ್ದದಿದ್ದರೆ ದಾರಿಯೇ ತಪ್ಪುತ್ತದೆ. ಉಪಗ್ರಹಗಳ ಜಾಡು ಹಿಡಿಯುವ ಇಸ್ರೋ ಕೇಂದ್ರವೊಂದು ಇಲ್ಲೇ ಪೀಣ್ಯದಲ್ಲಿದೆ. ಒಂದೇ ಬಡಾವಣೆಯ ಆಸುಪಾಸಿನಲ್ಲಿ ಎರಡು ಬಗೆಯ ಗಡಿಯಾರದವರು. ಆದರೆ ಕಕುದ್ಮಿ ಹಿಂದಕ್ಕೆ ಬರಲಿಲ್ಲ. ಹಿಂದಕ್ಕೆ ಹೋಗಿ ಆದದ್ದನ್ನು ಅಳಿಸುವುದು, ಅದೇ ಬೇರೆ ಪ್ರಶ್ನೆ. ನಮ್ಮ ಮನೆಯ ಗೋಡೆಯ ಮೇಲೆ ಕೊನೆಗೆ ಉಳಿದದ್ದೂ ಆ ಒಂದೇ ಪ್ರಶ್ನೆ. ಈ ಗಂಟು ಬಿಚ್ಚುತ್ತದೆಯೋ ಇಲ್ಲವೋ?

ಬಿಚ್ಚುವುದಿಲ್ಲ ಎಂಬುದು ನನ್ನ ಪಕ್ಷ. ಸಾಕ್ಷಿಗಳು ಬೇಕಾದಷ್ಟಿದ್ದುವು. ಉಲ್ರಿಕ್ ಎಂಬ ಪೊಲೀಸಿನವನು ತನ್ನ ಮಗನಿಗೆ ಕೇಡು ಮಾಡಿದವನನ್ನು ಬಾಲ್ಯದಲ್ಲೇ ಕೊಂದುಬಿಡುತ್ತೇನೆಂದು 1953ಕ್ಕೆ ಹೋಗಿ ಕಲ್ಲಿನಿಂದ ಹೊಡೆಯುತ್ತಾನೆ. ಹುಡುಗ ಸಾಯುವುದಿಲ್ಲ. ದೊಡ್ಡವನ ಮುಖದ ಮೇಲೆ ಮೊದಲಿನಿಂದ ಕಾಣುತ್ತಿದ್ದ ಗಾಯ ಆ ಏಟಿನದೇ. ಯೋನಾಸ್, ಅಪ್ಪನ ಆತ್ಮಹತ್ಯೆಯನ್ನು ತಪ್ಪಿಸಲು ಹಿಂದಿನ ದಿನಕ್ಕೆ ಹೋಗಿ, ಬೇಡ ಎಂದು ಬೇಡಿಕೊಳ್ಳುತ್ತಾನೆ. ಆಗ ತಿಳಿಯುತ್ತದೆ, ಅಪ್ಪನ ಮನಸ್ಸಿನಲ್ಲಿ ಅಂಥ ಯೋಚನೆ ಅದುವರೆಗೆ ಇರಲೇ ಇಲ್ಲ, ಹೇಳಿಕೊಟ್ಟವನು ಮಗನೇ. ಇಷ್ಟಾದ ಮೇಲೂ ಬಿಚ್ಚುತ್ತದೆ ಎನ್ನುವುದು ಹೇಗೆ?

ಮಗಳದು ಎದುರು ಪಕ್ಷ. ಯಾರೋ ಒಬ್ಬರು ಸರಿಯಾದ ಹೊತ್ತಿಗೆ ಬಂದು ತಲುಪುತ್ತಾರೆ, ತಲುಪಲೇಬೇಕು ಎನ್ನುತ್ತಿದ್ದಳು. ಎರಡನೆಯ ಭಾಗದ ಕೊನೆಯಲ್ಲಿ ಇನ್ನೊಬ್ಬ ಮಾರ್ತಾ ಬಂದು ನಿಲ್ಲುತ್ತಾಳೆ. ಯಾವ ಕಾಲದಿಂದ ಬಂದೆ ಎಂದು ಕೇಳಿದರೆ, ಕಾಲವನ್ನಲ್ಲ, ಯಾವ ಲೋಕ ಎಂದು ಕೇಳು ಎನ್ನುತ್ತಾಳೆ. ಅಂದರೆ ಲೋಕ ಎರಡು. ಅಲ್ಲಿಂದ ಮಗಳಿಗೆ ಆನೆಬಲ ಬಂತು. ಗುಹೆಯ ಬಾಗಿಲ ಮೇಲೆ ಒಂದು ಗುರುತಿದೆ: ಒಂದರೊಳಗೊಂದು ಹೆಣೆದ ಮೂರು ಸುರುಳಿ. “ಸುರುಳಿ ಮೂರು, ಲೋಕ ಎರಡು. ನಿಮ್ಮ ಮೇಸ್ತ್ರಿ ಲೆಕ್ಕದಲ್ಲಿ ಒಂದು ಸ್ಕ್ರೂ ಉಳಿಯಿತಲ್ಲ, ಅಪ್ಪ? ಮೂರನೆಯ ಲೋಕ ಒಂದಿದೆ. ಗಂಟು ಬಿದ್ದಿರುವುದು ಅಲ್ಲಿ,” ಎಂದಳು. ಅವಳೊಬ್ಬಳೇ ಅಲ್ಲ, ಬಹಳ ಜನ ನೋಡುಗರು ಆ ಒಂದು ಗುರುತಿನಿಂದ ಹಾಗೆಂದು ಊಹಿಸಿದ್ದರು.

ನಾನು ಒಪ್ಪಲಿಲ್ಲ. “ಆದದ್ದು ಆಗಿಹೋಯಿತು ಕಣಮ್ಮ. ಮೊದಲೇ ಹೊರಟಿದ್ದರೂ ಅಷ್ಟೇ, ತಡವಾಗಿ ಹೊರಟಿದ್ದರೂ ಅಷ್ಟೇ,” ಎಂದುಬಿಟ್ಟೆ. ಅವಳು ಎದ್ದು ಒಳಗೆ ಹೋದಳು. ಮೊಮ್ಮಗಳು ಸೀಸದಕಡ್ಡಿಯನ್ನು ಕೆಳಗಿಟ್ಟಳು. ಧಾರಾವಾಹಿಯಲ್ಲಿ ಹೊರಡುವ ಮಾತೇ ಇರಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು.

2018ರಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಸಂಜೆ ಐದೂಕಾಲಿಗೆ ನಾನು ಮಗಳಿಗೆ ಫೋನು ಮಾಡಿದೆ. ಅವಳು ಯಾವುದೋ ಮೀಟಿಂಗಿನಲ್ಲಿದ್ದಳು. ಮುಗಿಸಿ ಹೊರಟದ್ದು ಐದೂಮುಕ್ಕಾಲಿಗೆ. ಸಿಲ್ಕ್ ಬೋರ್ಡು, ಆಮೇಲೆ ಮಳೆ, ಆಮೇಲೆ ಗೊರಗುಂಟೆಪಾಳ್ಯದ ಸಿಗ್ನಲ್ಲು. ಬಂದು ತಲುಪುವಾಗ ಒಂಬತ್ತು ಗಂಟೆ. ಎಂಟೂವರೆಗೆ ಎಲ್ಲ ಮುಗಿದಿತ್ತು. ಆ ಅರ್ಧ ಗಂಟೆಯ ಮಾತನ್ನು ಅವಳು ಎಂದೂ ಆಡಿದವಳಲ್ಲ. ಆದರೆ ಬಸ್ಸಿನವರೆಲ್ಲ ಒಗಟೆಂದು ನೋಡುತ್ತಿದ್ದ ಕಥೆಯನ್ನು ಇವಳು ಬೇರೆ ರೀತಿಯಲ್ಲಿ ನೋಡುತ್ತಿದ್ದಳು. ಒಂದು ಮನೆಯಲ್ಲಿದ್ದೂ ನನಗೆ ಅಷ್ಟು ದಿನ ಅದು ಕಾಣಲಿಲ್ಲ.

ಮೂರನೆಯ ಭಾಗ ಬಂದದ್ದು 27 ಜೂನ್ 2020ರಂದು. ಕಥೆಯೊಳಗೆ ಪ್ರಳಯವಾಗುವ ದಿನವೂ ಅದೇ 27 ಜೂನ್ 2020. ಬೇಕೆಂದೇ ಹಾಗೆ ಮಾಡಿದ್ದರು. ನಮ್ಮ ಮನೆಯಲ್ಲಿ ಬೇರೊಂದು ಪ್ರಳಯವಿತ್ತು. ಮುಂದಕ್ಕೆ ಹೋಗಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆ ಜೂನ್ 25ಕ್ಕೆ ಆರಂಭವಾಗಿತ್ತು. ಮೊಮ್ಮಗಳು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಗಣಿತ ಬರೆಯುತ್ತಿದ್ದಳು. ಪರೀಕ್ಷೆ ಮುಗಿದರೂ ಮಗಳಿಗೆ ರಾತ್ರಿಯ ಕೆಲಸ. ಕೊನೆಗೆ ಜುಲೈ 14ರ ರಾತ್ರಿ ಎಂಟು ಗಂಟೆಗೆ ಬೆಂಗಳೂರಿಗೆ ಮತ್ತೆ ಬೀಗ ಹಾಕಿದರು, 22ರ ಬೆಳಗಿನವರೆಗೆ. ಎಂಟು ರಾತ್ರಿ, ಎಂಟು ಕಂತು. ಈ ಸಂಖ್ಯೆಯಿಂದ ನಾನು ಯಾವ ಊಹೆಯನ್ನೂ ಮಾಡಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಮಗಳ ಪಕ್ಷವೇ ಗೆದ್ದಿತು. ಮೂರನೆಯ ಲೋಕ ಇತ್ತು. ಅದನ್ನು ಕಂಡುಹಿಡಿಯುವವಳು ಕ್ಲೌಡಿಯಾ ಎಂಬ ತಾಯಿ; ತನ್ನ ಮಗಳು ಬದುಕಬೇಕೆಂಬ ಒಂದೇ ಛಲದಿಂದ ಹುಡುಕಿದವಳು. ಎಲ್ಲಕ್ಕೂ ಮೂಲ ನಾವು ನಾಲ್ವರೂ ಸಂಶಯಪಡದ ಆ ಮುದುಕ ಗಡಿಯಾರದವನು. 1971ರ ಒಂದು ಮಳೆಯ ರಾತ್ರಿ ಅವನ ಮಗ ಅಪ್ಪನೊಡನೆ ಜಗಳವಾಡಿ, ಹೆಂಡತಿಯನ್ನೂ ಕೂಸನ್ನೂ ಕೂರಿಸಿಕೊಂಡು ಕಾರು ಹತ್ತಿ ಹೊರಟುಹೋಗುತ್ತಾನೆ. ಕಾರು ಸೇತುವೆಯಿಂದ ಉರುಳುತ್ತದೆ. ಅವರನ್ನು ಮರಳಿ ಪಡೆಯಲು ಮುದುಕ ವರ್ಷಗಳ ಕಾಲ ಯಂತ್ರ ಕಟ್ಟಿ 1986ರಲ್ಲಿ ನಡೆಸಿದಾಗ, ಅವನ ಲೋಕ ಒಡೆದು ಎರಡಾಗುತ್ತದೆ. ನಾವು ನೋಡಿದ ಸಂಕಟವೆಲ್ಲ ಆ ಎರಡು ಹೋಳುಗಳದು. ಯಂತ್ರವನ್ನು ಮೊದಲು ಯೋಚಿಸಿದ ಬೆರಳು ಕೊನೆಗೂ ಸಿಕ್ಕಿತು. ಯೋನಾಸನೂ ಮಾರ್ತಾಳೂ ಆ ರಾತ್ರಿಗೆ ಹೋಗಿ ರಸ್ತೆಯ ನಡುವೆ ನಿಂತು ಕಾರನ್ನು ಹಿಂದಿರುಗಿಸುತ್ತಾರೆ. ಮಗ ಮನೆಗೆ ಬಂದು ಅಪ್ಪನನ್ನು ತಬ್ಬಿಕೊಳ್ಳುತ್ತಾನೆ. ಅಪಘಾತವಿಲ್ಲ, ಯಂತ್ರವಿಲ್ಲ, ಯಂತ್ರದಿಂದ ಹುಟ್ಟಿದ ಲೋಕಗಳಿಲ್ಲ. ಆ ಲೋಕಗಳಲ್ಲಿ ಹುಟ್ಟಿದ ಯೋನಾಸ್, ಮಾರ್ತಾ ಇಬ್ಬರೂ ಬೆಳಕಿನ ಪುಡಿಯಾಗಿ ಕರಗಿಹೋಗುತ್ತಾರೆ.

ಮೊಮ್ಮಗಳು ಅತ್ತಳು. ಅಳಿಯ ಲೋಟಗಳನ್ನು ಎತ್ತಿಕೊಂಡು ಅಡಿಗೆಮನೆಗೆ ಹೋದ. ಮಗಳು ಗೋಡೆಯ ಹಾಳೆಯ ಮುಂದೆ ನಿಂತು ನನ್ನ ಊಹೆಗೆ ತಾನೇ ಅಡ್ಡಗೆರೆ ಎಳೆದಳು.

ಗಡಿಯಾರ ನಿಂತರೆ ಎಲ್ಲರೂ ಮೊದಲು ನೋಡುವುದು ಮುಳ್ಳನ್ನು. ತೊಡಕು ಮುಳ್ಳಿನಲ್ಲಿ ಇರುವುದು ಅಪರೂಪ. ಬ್ಯಾಲೆನ್ಸ್ ಚಕ್ರ ಬಿಟ್ಟು ಹಿಂದಕ್ಕೆ, ಅದರ ಹಿಂದಿನ ಚಕ್ರಕ್ಕೆ, ಹೀಗೆ ಹಿಂದೆ ಹಿಂದೆ ಹೋದರೆ ಮುಖ್ಯ ಸ್ಪ್ರಿಂಗಿನ ಡಬ್ಬಿಯಲ್ಲಿ ಎಲ್ಲೋ ಒಂದು ಕಣ ಕೊಳೆ ಇರುತ್ತದೆ. ಅಷ್ಟು ವರ್ಷ ಅದೇ ಕೆಲಸ ಮಾಡಿದ್ದವನು ನಾನು. ಆ ರಾತ್ರಿ ಮಗಳನ್ನು ಕೂರಿಸಿಕೊಂಡು, ಎರಡು ವರ್ಷ ಹೇಳದೆ ಇದ್ದದ್ದನ್ನು ಹೇಳಿದೆ.

“ನಿಮ್ಮಮ್ಮನಿಗೆ ಎದೆ ಹಿಡಿದದ್ದು ಐದೂಕಾಲಿಗಲ್ಲ ಕಣಮ್ಮ. ಮೂರು ಗಂಟೆಗೆ. ನಾನು ನೋಡಿದೆ. ಗ್ಯಾಸ್ ಇರಬೇಕು ಅಂದಳು. ನಿನಗೆ ಫೋನು ಮಾಡಲಾ ಅಂತ ಎರಡು ಸಾರಿ ಕೈಗೆ ತೆಗೆದುಕೊಂಡೆ. ಇಟ್ಟುಬಿಟ್ಟೆ.”

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಬಯ್ಯುತ್ತಾಳೆ ಎಂದುಕೊಂಡೆ, ಬಯ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಆಮೇಲೆ, “ಅಮ್ಮ ಬೇಡ ಅಂದಳಾ?” ಎಂದು ಕೇಳಿದಳು.

“ಬೇಡ ಅಂದಳು. ಅವಳಿಗೆ ಕೆಲಸ ಇರುತ್ತೆ, ಸಂಜೆ ತಾನೇ ಮಾಡ್ತಾಳೆ ಅಂದಳು.”

“ದಿನಾ ಸಂಜೆ ಮಾಡ್ತಿದ್ದೆ,” ಎಂದಳು ಮಗಳು. “ಮಧ್ಯಾಹ್ನ ಮಾಡಬೇಡಿ, ಮೀಟಿಂಗ್ ಇರುತ್ತೆ ಅಂತ ನಾನೇ ಅಮ್ಮನಿಗೆ ಹೇಳಿದ್ದೆ, ಅಪ್ಪ. ಕೆಲಸಕ್ಕೆ ಸೇರಿದ ಹೊಸದರಲ್ಲಿ.”

ಅಷ್ಟರಲ್ಲಿ ಅಳಿಯ ಒಳಗಿನಿಂದ ಬಿಸಿ ಹಾಲು ತಂದ. ಮೂವರೂ ಕುಡಿದೆವು. ಹೊರಗೆ ಬೀದಿಯಲ್ಲಿ ಒಂದು ಗಾಡಿಯೂ ಇರಲಿಲ್ಲ. ಆ ಹೊತ್ತಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯಿಂದ ಹೊರಟಿದ್ದರೆ ಮುಕ್ಕಾಲು ಗಂಟೆಗೆ ಬಂದುಬಿಡಬಹುದಿತ್ತು. ಅವಳೂ ಅದನ್ನೇ ಯೋಚಿಸುತ್ತಿದ್ದಳೆಂದು ಕಾಣುತ್ತದೆ. ಕಿಟಕಿಯ ಕಡೆ ನೋಡಿ, “ನಲವತ್ತೈದು ನಿಮಿಷ,” ಎಂದಳು.

ಆಮೇಲಿನ ವಿಷಯ ಹೆಚ್ಚಿಲ್ಲ. ಮೊಮ್ಮಗಳು ಇಂಜಿನಿಯರಿಂಗ್ ಕಾಲೇಜು ಸೇರಿದಳು. 2024ರ ಮಾರ್ಚಿನಲ್ಲಿ ಶ್ರೀನಿಧಿ ಬೆಂಗಳೂರು ಎಂಬವರು ನಿರ್ದೇಶಿಸಿದ ‘ಬ್ಲಿಂಕ್’ ಎಂಬ ಕನ್ನಡ ಚಿತ್ರ ಬಂತು, ಅದರಲ್ಲೂ ಕಾಲಪ್ರಯಾಣವೇ. ಅವಳು ನನ್ನನ್ನು ಕರೆದುಕೊಂಡು ಹೋದಳು. ಕೆಳಗೆ ಓಡುವ ಅಕ್ಷರಗಳ ಹಂಗಿಲ್ಲದೆ, ನನ್ನ ಭಾಷೆಯಲ್ಲೇ ನಾನು ದಾರಿ ತಪ್ಪಿದೆ, ಬಹಳ ಸಂತೋಷವಾಯಿತು. ಮೆಟ್ರೋದಲ್ಲಿ ಹಿಂದಿರುಗುವಾಗ ಪೀಣ್ಯ ಬರುವವರೆಗೆ ಊಹೆಗಳು ಮುಗಿಯಲಿಲ್ಲ.

‘ಡಾರ್ಕ್’ ಕಥೆಯಲ್ಲಿ ಮಾತ್ರ ಒಂದು ಸ್ಕ್ರೂ ತಟ್ಟೆಯಲ್ಲೇ ಉಳಿದಿದೆ. ವೋಲರ್ ಎಂಬ ಪೊಲೀಸಿನವನ ಒಂದು ಕಣ್ಣಿಗೆ ಪಟ್ಟಿ ಕಟ್ಟಿರುತ್ತದೆ. ಯಾಕೆ ಎಂದು ಯಾರಾದರೂ ಕೇಳುತ್ತಾರೆ, ಅವನು ಬಾಯಿ ತೆರೆಯುತ್ತಾನೆ, ಏನಾದರೊಂದು ಅಡ್ಡಬರುತ್ತದೆ. ಇಪ್ಪತ್ತಾರು ಕಂತು ಮುಗಿದರೂ ಕಾರಣ ಗೊತ್ತಾಗಲಿಲ್ಲ. ಕಥೆಗಾರರ ಕೀಟಲೆ ಎಂದು ಅಳಿಯ ಹೇಳುತ್ತಾನೆ. ಮೊಮ್ಮಗಳು ಒಪ್ಪುವುದಿಲ್ಲ. ಗೋಡೆಯ ಹಾಳೆಗಳನ್ನೆಲ್ಲ ತೆಗೆದಾಯಿತು, ಆ ಕಣ್ಣಿನ ಹಾಳೆ ಮಾತ್ರ ಇನ್ನೂ ಇದೆ. ಹೋದ ಭಾನುವಾರ ಮಗಳು ಬಂದಿದ್ದವಳು ಅದರ ಕೆಳಗೆ ಏನನ್ನೋ ಬರೆದು ಹೋಗಿದ್ದಾಳೆ. ಅವಳ ಅಕ್ಷರ ಸಣ್ಣದು, ಮಸೂರ ಹುಡುಕಬೇಕು.